ಚಾದರದ ಊರಲ್ಲಿ ಹೆಣಿಗೆ: ಹೊರಗೆ ಮಲಗುವವರಿಗೆ ಏನು ಹೆಣೆದರೆ ಉಪಯೋಗ?

ಕ್ರೋಶಾ ಕಡ್ಡಿ, ಸೊಲ್ಲಾಪುರ

ಎಲ್ಲರಿಗೂ ನಮಸ್ಕಾರ. ಜೋಡಭಾವಿ ಪೇಠ ಕಡೆ ನಮ್ಮ ಓಣಿಯ ನಾಲ್ಕೈದು ಹೆಣ್ಣುಮಕ್ಕಳು ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಒಟ್ಟಿಗೆ ಕೂತು ಕ್ರೋಶಾ ಹಾಕುತ್ತೇವೆ. ಒಬ್ಬರಿಬ್ಬರು ಎರಡು ಕಡ್ಡಿ ಮೇಲೆ ಉಲ್ಲನ್ ಕೂಡ ಹೆಣೆಯುತ್ತಾರೆ. ಇಷ್ಟು ದಿನ ಬಾಗಿಲ ತೋರಣ, ಟೇಬಲ್ ಹೊದಿಕೆ, ಮೊಮ್ಮಕ್ಕಳ ಫ್ರಾಕು, ಇಂಥವೇ ಮಾಡಿದ್ದು. ಈ ಸಲ ಸ್ಟೇಷನ್ ಮುಂದೆ, ಬಸ್ ಸ್ಟ್ಯಾಂಡ್ ಹತ್ತಿರ, ಸಿದ್ಧೇಶ್ವರ ಗುಡಿಯ ಸುತ್ತಮುತ್ತ ಬಯಲಲ್ಲೇ ಮಲಗುವವರಿಗೆ ಬೆಚ್ಚಗಿನದು ಏನಾದರೂ ಹೆಣೆದು ಕೊಡೋಣ ಅಂತ ಮಾತಾಯಿತು. ಸಂಕ್ರಾಂತಿಗೆ ಗಡ್ಡಾ ಜಾತ್ರೆ ಬರುತ್ತದೆ. ಅಷ್ಟರೊಳಗೆ ಅವರ ಕೈಗೆ ಮುಟ್ಟಿಸಬೇಕು ಅಂತ ಆಸೆ.

ಶುರು ಮಾಡುವ ಮೊದಲೇ ಮನೆಯಲ್ಲಿ ಒಂದು ಪ್ರಶ್ನೆ ಎದ್ದಿದೆ. "ಇದು ಚಾದರದ ಊರು. ದೇಶಕ್ಕೆಲ್ಲ ಇಲ್ಲಿಂದಲೇ ಚಾದರ ಹೋಗುತ್ತದೆ. ನೀವು ತಿಂಗಳುಗಟ್ಟಲೆ ಕೂತು ಒಂದು ಹೊದಿಕೆ ಹೆಣೆಯುತ್ತೀರಿ. ಅದಕ್ಕೆ ಹಾಕುವ ಉಲ್ಲನ್ ದುಡ್ಡಿನಲ್ಲೇ ಒಳ್ಳೆ ಚಾದರ ಬರುತ್ತದಲ್ಲ, ಅದನ್ನೇ ಕೊಂಡು ಕೊಡಿ" ಅಂತ ನಮ್ಮ ಯಜಮಾನರು ಹೇಳಿದರು. ಮಾತು ತಪ್ಪೇನಲ್ಲ. ಆದರೆ ನಮಗೆ ಬರುವ ಕೆಲಸ ಇದು. ನಮ್ಮ ಕೈಯಿಂದಲೇ ಏನಾದರೂ ಆಗಬೇಕು ಅನ್ನುವುದು ನಮ್ಮೆಲ್ಲರ ಮನಸ್ಸಿನಲ್ಲಿದೆ. ಸುಮ್ನೆ ನಮ್ಮ ಸಮಾಧಾನಕ್ಕೆ ಮಾಡಿ, ಅವರಿಗೆ ಅದು ಭಾರವಾಗಬಾರದು ಅಷ್ಟೇ.

ನಮ್ಮ ಹತ್ತಿರ ಉಳಿದ ಅಕ್ರಿಲಿಕ್ ಉಂಡೆಗಳು ಒಂದು ಚೀಲ ಇವೆ. ಹತ್ತಿ ನೂಲು ಇಲ್ಲಿ ಸೋವಿಯಾಗಿ ಸಿಗುತ್ತದೆ. ನಿಜವಾದ ಉಣ್ಣೆ ದುಬಾರಿ. ನಮ್ಮಲ್ಲಿ ಹಗಲು ಜನವರಿಯಲ್ಲೂ ಬಿಸಿಲು, ಚಳಿ ಇರುವುದು ರಾತ್ರಿ ಮತ್ತು ಬೆಳಗಿನ ಜಾವ. ಇಂಥ ಹವೆಗೆ ಯಾವ ದಾರ ಒಳ್ಳೆಯದು? ಶಾಲು ಮಾಡೋಣವಾ, ಮಫ್ಲರ್ ಮಾಡೋಣವಾ, ಟೋಪಿಯಾ? ಅಳತೆ ಹೇಗೆ, ಯಾರ ತಲೆ ಎಷ್ಟು ದೊಡ್ಡದು ಅಂತ ಹೇಗೆ ಗೊತ್ತಾಗಬೇಕು? ಯಾರಾದರೂ ಇದನ್ನು ಮಾಡಿದವರಿದ್ದರೆ ದಯವಿಟ್ಟು ಬಿಡಿಸಿ ಹೇಳಿ.


ರೋಜಾ ತೋಟ, ಹೊಸೂರು

ಒಳ್ಳೆ ಯೋಚನೆ ಅಕ್ಕ. ನಮ್ಮ ಹೊಸೂರು ಎತ್ತರದಲ್ಲಿದೆ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲೆ. ಡಿಸೆಂಬರಿನಲ್ಲಿ ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಬಾಯಿಂದ ಹೊಗೆ ಬರುತ್ತದೆ. ಇಲ್ಲಿ ಕೆಲಸ ಹುಡುಕಿಕೊಂಡು ಬಂದವರು ರೂಮು ಸಿಗುವ ತನಕ ಹೊರಗೇ ಮಲಗುತ್ತಾರೆ. ಅವರಿಗೆ ನಾವು ಕೆಲವರು ಸೇರಿ ಕೊಡುತ್ತಿರುತ್ತೇವೆ.

ನನ್ನ ಸಲಹೆ ಚೌಕಗಳು. ಒಬ್ಬೊಬ್ಬರು ಬಿಡುವಾದಾಗ ಒಂದೊಂದು ಗ್ರ್ಯಾನಿ ಸ್ಕ್ವೇರ್ ಹಾಕಿ, ಕೊನೆಗೆ ಎಲ್ಲ ಸೇರಿಸಿ ಹೊಲಿದರೆ ಹೊದಿಕೆ. ಹೊಸಬರೂ ಕೈ ಸೇರಿಸಬಹುದು. ಅಮೆರಿಕದಲ್ಲಿ 1991ರಲ್ಲಿ ಶುರುವಾದ ವಾರ್ಮ್ ಅಪ್ ಅಮೆರಿಕಾ ಅನ್ನುವ ಕೆಲಸ ನಡೆಯುವುದೇ ಹೀಗೆ. 7 ಇಂಚು ಅಗಲ, 9 ಇಂಚು ಉದ್ದದ ತುಂಡುಗಳು, ಅಂಥ 49 ಸೇರಿದರೆ ಒಂದು ಹೊದಿಕೆ. ಅಷ್ಟು ದೂರ ಯಾಕೆ, ನಮ್ಮ ಚೆನ್ನೈಯಲ್ಲೇ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಅನ್ನುವ ಗುಂಪಿನ ಹೆಂಗಸರು 2016ರ ಜನವರಿ 31ರಂದು 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿದರು. ಆಮೇಲೆ ಅದನ್ನು ಬಿಡಿಸಿ ಹೊದಿಕೆಗಳನ್ನಾಗಿ ಇಲ್ಲದವರಿಗೆ ಹಂಚಿದರು. ಆ ಫೋಟೋ ನೋಡಿದ ಮೇಲೆಯೇ ನಾನು ಕ್ರೋಶಾ ಕಲಿತದ್ದು.

ಬಣ್ಣ ಮಾತ್ರ ಗಾಢವಾಗಿರಲಿ. ತಿಳಿ ಬಣ್ಣ ನಾಲ್ಕು ದಿನಕ್ಕೆ ಮಾಸುತ್ತದೆ.


ಹಳೆ ಜಾಬರ್, ಸೊಲ್ಲಾಪುರ

ಅಕ್ಕಾ, ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ಸರಿ ಇದೆ. ಆ ಅರ್ಧದಿಂದಲೇ ಶುರು ಮಾಡುತ್ತೇನೆ.

ನಾನು ಚಾದರ ಕಾರ್ಖಾನೆಯಲ್ಲಿ ಜಾಬರ್ ಆಗಿದ್ದವನು. ಮಗ್ಗ ಕೆಟ್ಟರೆ ಸರಿ ಮಾಡುವುದು, ಹೂವಿನ ವಿನ್ಯಾಸ ಮೂಡಿಸುವ ಜಕಾರ್ಡಿಗೆ ಕಾರ್ಡು ಕೂರಿಸುವುದು ನನ್ನ ಕೆಲಸ. ನಮ್ಮ ಚಾದರವನ್ನು ತಿರುವಿ ನೋಡಿದ್ದೀರಲ್ವಾ? ಒಂದು ಬದಿ ಬಿಳಿ ನೆಲದ ಮೇಲೆ ಕೆಂಪು ಹೂವು ಇದ್ದರೆ ಇನ್ನೊಂದು ಬದಿ ಕೆಂಪು ನೆಲದ ಮೇಲೆ ಬಿಳಿ ಹೂವು. ಎರಡು ಪದರ ಒಂದಕ್ಕೊಂದು ಅದಲುಬದಲಾಗಿ ಕೂಡುವ ನೇಯ್ಗೆ ಅದು. ನಡುವೆ ಗಾಳಿ ಸಿಕ್ಕಿಬೀಳುತ್ತದೆ, ಅದಕ್ಕೇ ಅಷ್ಟು ಬೆಚ್ಚಗೆ. ಇದನ್ನು ಕೈಯಲ್ಲಿ ಕ್ರೋಶಾ ಹಾಕಿ ಮಾಡಲು ಹೊರಟರೆ ದಾರವೂ ಜಾಸ್ತಿ, ತೂಕವೂ ಜಾಸ್ತಿ, ತೂತಿನಿಂದ ಗಾಳಿಯೂ ಒಳಗೆ ಬರುತ್ತದೆ. ಮಗ್ಗದ ಕೆಲಸವನ್ನು ಮಗ್ಗಕ್ಕೆ ಬಿಡಿ. ಚಾದರ ಬೇಕಾದರೆ ಚಂದಾ ಎತ್ತಿ ಕೊಳ್ಳಿ.

ಆದರೆ ಮಗ್ಗ ತಲೆಗೆ ಟೋಪಿ ಮಾಡಿಕೊಡುವುದಿಲ್ಲ. ಪಾದಕ್ಕೆ ಚೀಲ ಮಾಡಿಕೊಡುವುದಿಲ್ಲ. ನೇಯ್ದ ಬಟ್ಟೆಯಲ್ಲಿ ನೂಲು ನೆಟ್ಟಗೆ ಹೋಗುತ್ತದೆ, ಎಳೆದರೆ ಹಿಗ್ಗುವುದಿಲ್ಲ. ಹೆಣೆದದ್ದರಲ್ಲಿ ಪ್ರತಿ ಎಳೆಯೂ ಕುಣಿಕೆ, ಎಳೆದಷ್ಟು ಹಿಗ್ಗಿ ಬಿಟ್ಟರೆ ಕುಗ್ಗುತ್ತದೆ. ಯಾರ ತಲೆ ಎಷ್ಟು ದೊಡ್ಡದು ಅಂತ ಕೇಳಿದಿರಲ್ಲ, ಅದಕ್ಕೆ ಇದೇ ಉತ್ತರ. ಎರಡು ಸೀದಾ ಎರಡು ಉಲ್ಟಾ ಕುಣಿಕೆ ಹಾಕಿದ ಟೋಪಿ ಹುಡುಗನಿಗೂ ಆಗುತ್ತದೆ, ಪೈಲ್ವಾನನಿಗೂ ಆಗುತ್ತದೆ. ನಿಮ್ಮ ಕೈಗೆ ಮಾತ್ರ ಆಗುವ ಕೆಲಸ ಇದು.

ಇನ್ನು ಯಾಕೆ ತಲೆ ಮತ್ತು ಪಾದ ಅಂತ. ರಾತ್ರಿ ಹನ್ನೊಂದರ ಮೇಲೆ ಸ್ಟೇಷನ್ ಮುಂದೆ ಹೋಗಿ ನಿಧಾನವಾಗಿ ಒಂದು ಸುತ್ತು ಬನ್ನಿ. ಬಹಳ ಜನರ ಹತ್ತಿರ ಹೊದೆಯಲು ಒಂದು ಇದ್ದೇ ಇರುತ್ತದೆ. ಆದರೆ ಒಂದೇ ಇರುತ್ತದೆ. ಅದನ್ನೇ ಅರ್ಧ ಕೆಳಗೆ ಹಾಸಿ ಅರ್ಧ ಮೇಲೆ ಎಳೆದುಕೊಂಡಿರುತ್ತಾರೆ. ದೀಪದ ಬೆಳಕು ಕಣ್ಣಿಗೆ, ಸೊಳ್ಳೆ ಕಿವಿಗೆ. ಅದಕ್ಕೆ ಮುಖದ ತನಕ ಎಳೆಯುತ್ತಾರೆ. ಆಗ ಪಾದ ಹೊರಗೆ ಬೀಳುತ್ತದೆ. ಹಿಮ್ಮಡಿ ಒಡೆದು ಬಿರುಕಾಗಿರುತ್ತದೆ, ಚಳಿಗೆ ಅದು ಇನ್ನೂ ಬಾಯಿ ಬಿಡುತ್ತದೆ. ಇಂಡಿ ಕಡೆಯಿಂದ ಬಂದ ಒಬ್ಬ ಹಿರಿಯರು ಅಲ್ಲಿ ಮಲಗುತ್ತಿದ್ದರು, ಹಗಲು ಹಮಾಲಿ ಮಾಡುವವರು. ಚಾದರ ಬೇಕಾ ಅಂತ ಕೇಳಿದೆ. "ಬೇಡಪ್ಪಾ, ಹಗಲು ಅದನ್ನ ಎಲ್ಲಿ ಇಟ್ಟು ಹೋಗಲಿ? ಇದ್ದದ್ದನ್ನೇ ಹೊತ್ತು ತಿರುಗಬೇಕು. ಕಾಲಿನ ಬೆರಳಿಗೆ ಏನಾದರೂ ಇದ್ದರೆ ಕೊಡು" ಅಂದರು. ಅವರ ಮಾತನ್ನೇ ನಾನು ಇವತ್ತಿಗೂ ಹಿಡಿದುಕೊಂಡಿದ್ದೇನೆ. ನಮ್ಮೂರಲ್ಲಿ ಜನವರಿ ಹಗಲು 30 ಡಿಗ್ರಿ ಹತ್ತಿರ, ರಾತ್ರಿ 15ರ ಆಸುಪಾಸು, ಕೆಲವು ದಿನ ಅದಕ್ಕೂ ಕೆಳಗೆ. ರಾತ್ರಿ ಬೇಕಾದದ್ದು ಹಗಲು ಹೊರೆ. ಟೋಪಿ ಜೇಬಿಗೆ ಹೋಗುತ್ತದೆ. ಕಾಲುಚೀಲ ಇನ್ನೊಂದು ಜೇಬಿಗೆ. ಮಲಗಿದವರ ಮೇಲಿನ ಹೊದಿಕೆ ಎಳೆದುಕೊಂಡು ಹೋಗುವವರಿದ್ದಾರೆ. ತಲೆಯ ಮೇಲಿನ ಟೋಪಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಮೈಯ ಶಾಖ ಅರ್ಧಕ್ಕರ್ಧ ತಲೆಯಿಂದಲೇ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ನಿಜವಲ್ಲ. ತಲೆ ಮೈಯಲ್ಲಿ ಹತ್ತರಲ್ಲಿ ಒಂದು ಭಾಗದಷ್ಟು, ಶಾಖ ಹೋಗುವುದೂ ಸುಮಾರು ಅಷ್ಟೇ. ಆದರೆ ಉಳಿದ ಮೈ ಮುಚ್ಚಿ ತಲೆ ಬಿಟ್ಟರೆ ಸೋರುವುದು ಅಲ್ಲಿಂದಲೇ ಅಲ್ವಾ? ಟೋಪಿಯನ್ನು ಹುಬ್ಬಿನ ಕೆಳಗೆ ಎಳೆದುಕೊಂಡರೆ ಬೆಳಕೂ ತಡೆಯುತ್ತದೆ, ಹೊದಿಕೆ ಕಾಲಿನ ತನಕ ಇಳಿಯುತ್ತದೆ. ಒಂದು ಟೋಪಿ ಕೊಟ್ಟರೆ ಇರುವ ಚಾದರವೇ ಒಂದು ಮೊಳ ಉದ್ದವಾದ ಲೆಕ್ಕ.

ಹೊಸೂರಿನ ತಂಗಿ ಚೌಕದ ಹೊದಿಕೆ ಹೇಳಿದ್ದಾರೆ. ಮಂಚ ಇರುವಲ್ಲಿ, ಒಗೆಯುವವರು ಇರುವಲ್ಲಿ ಅದು ಚೆನ್ನ. ಹೆಗಲ ಮೇಲೆ ಸಂಸಾರ ಹೊತ್ತು ತಿರುಗುವವರಿಗೆ ಬೇಡ. ಜೋಡಿಸಿದ ಕಡೆ ಒಂದು ಎಳೆ ಬಿಚ್ಚಿದರೆ ಸಾಲು ಸಾಲೇ ಬಿಡುತ್ತದೆ. ಹೊಲಿದುಕೊಳ್ಳಲು ಅವರ ಹತ್ತಿರ ಸೂಜಿ ಎಲ್ಲಿರುತ್ತದೆ?

ದಾರದ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ, ಇದು ಮುಖ್ಯ. ಅಕ್ರಿಲಿಕ್ ಸೋವಿ, ನಲ್ಲಿ ಕೆಳಗೆ ಹಿಂಡಿ ಒಣಹಾಕಿದರೆ ಬೇಗ ಆರುತ್ತದೆ, ಕುಗ್ಗುವುದಿಲ್ಲ. ನಿಜವಾದ ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ, ಆದರೆ ಬಿಸಿನೀರು ಹಾಕಿ ಉಜ್ಜಿದರೆ ಗಟ್ಟಿಯಾಗಿ ಮಗುವಿನ ಟೋಪಿಯಷ್ಟಾಗುತ್ತದೆ. ಹತ್ತಿ ಬೆವರು ಹೀರುತ್ತದೆ, ಚರ್ಮಕ್ಕೆ ಹಿತ, ಒದ್ದೆಯಾದರೆ ಮಾತ್ರ ತಣ್ಣಗೆ ಅಂಟಿಕೊಂಡು ಬೇಗ ಆರುವುದಿಲ್ಲ. ನಮ್ಮಲ್ಲಿ ಚಳಿಗಾಲದಲ್ಲಿ ಮಳೆ ಇಲ್ಲ, ಹಾಗಾಗಿ ಹತ್ತಿಯೂ ನಡೆಯುತ್ತದೆ. ಅಕ್ರಿಲಿಕ್ಕಿನ ದೊಡ್ಡ ದೋಷ ಬೆಂಕಿ. ಹೊರಗೆ ಮಲಗುವವರು ಬೆಳಗಿನ ಜಾವ ಕಾಗದ, ರಟ್ಟು, ಕಡ್ಡಿ ಏನು ಸಿಕ್ಕಿದರೂ ಹಚ್ಚಿ ಸುತ್ತ ಕೂರುತ್ತಾರೆ. ಒಂದು ಕಿಡಿ ಬಿದ್ದರೆ ಅಕ್ರಿಲಿಕ್ ಉರಿದು ಕರಗುತ್ತದೆ, ಕರಗಿದ್ದು ಚರ್ಮಕ್ಕೆ ಅಂಟುತ್ತದೆ. ಉಣ್ಣೆ ಸುಲಭಕ್ಕೆ ಹತ್ತಿಕೊಳ್ಳುವುದೇ ಇಲ್ಲ. ಅದಕ್ಕೇ ನಾನು ಜೋತಾಡುವ ಮಫ್ಲರ್ ಹೆಣೆಯುವುದಿಲ್ಲ. ಬಾಗಿ ಬೆಂಕಿ ಕೆದಕುವಾಗ ಅದರ ತುದಿ ಮೊದಲು ಬೀಳುತ್ತದೆ. ಕುತ್ತಿಗೆಗೆ ಬೇಕೇ ಬೇಕು ಅಂದರೆ ತಲೆಯಿಂದ ಹಾಕಿಕೊಳ್ಳುವ ಗುಂಡನೆಯ ಪಟ್ಟಿ ಮಾಡಿ.

ನಿಮ್ಮ ಚೀಲದಲ್ಲಿರುವ ಉಂಡೆಗಳಲ್ಲಿ ಯಾವುದು ಏನು ಅಂತ ಚೀಟಿ ಹರಿದುಹೋಗಿದ್ದರೆ ಗೊತ್ತಾಗುವುದಿಲ್ಲ. ಒಂದು ಗೇಣು ದಾರ ಕತ್ತರಿಸಿ ಚಿಮಟಿಗೆಯಲ್ಲಿ ಹಿಡಿದು ಬೆಂಕಿ ತೋರಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದರೆ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ವಾಸನೆ, ಬೂದಿ ಬಣ್ಣದ ಹಗುರ ಬೂದಿ ಅಂದರೆ ಹತ್ತಿ. ಕರಗಿ ತುದಿಯಲ್ಲಿ ಕಪ್ಪು ಮಣಿಯಂತೆ ಗಟ್ಟಿಯಾದರೆ ಅಕ್ರಿಲಿಕ್. ಮೂರನ್ನೂ ಬೇರೆ ಬೇರೆ ಚೀಲದಲ್ಲಿ ಇಡಿ. ಕಾರ್ಖಾನೆಯಲ್ಲಿ ನೂಲು ಬೆರಕೆಯಾಗಿದೆ ಅಂತ ಅನುಮಾನ ಬಂದರೆ ನಾವು ಮಾಡುತ್ತಿದ್ದದ್ದೂ ಇದೇ.

ಟೋಪಿಗೆ ನನ್ನ ಲೆಕ್ಕ ಬರೆಯುತ್ತೇನೆ, ಬೇಕಾದರೆ ತೆಗೆದುಕೊಳ್ಳಿ. ಸಾಧಾರಣ ದಪ್ಪದ ದಾರ, 8 ನಂಬರ್ ಕಡ್ಡಿ, ಅಂದರೆ 4 ಮಿಲಿಮೀಟರ್. ಸುತ್ತು ಕಡ್ಡಿ ಅಥವಾ ನಾಲ್ಕು ಕಡ್ಡಿಯ ಸೆಟ್ ಇರಲಿ. ಎರಡು ಕಡ್ಡಿಯಲ್ಲಿ ಹೆಣೆದು ಹಿಂದೆ ಹೊಲಿದರೆ ಆ ಹೊಲಿಗೆ ಮಲಗಿದಾಗ ತಲೆಗೆ ಒತ್ತುತ್ತದೆ. ಕಲ್ಲಿನ ಮೇಲೆ ಮಲಗುವವರಿಗೆ ಅದು ಗೊತ್ತಾಗುತ್ತದೆ. 96 ಕುಣಿಕೆ ಹಾಕಿ, 2 ಸೀದಾ 2 ಉಲ್ಟಾ ಮಾಡುತ್ತಾ 10 ಇಂಚು ಹೆಣೆಯಿರಿ. ಮಾಮೂಲಿ ಟೋಪಿಗಿಂತ ಇದು ಉದ್ದ, ಬೇಕಂತಲೇ. ಅಂಚು ಮಡಚಿದರೆ ಕಿವಿ ಮೇಲೆ ಎರಡು ಪದರ, ಬಿಚ್ಚಿದರೆ ಕಣ್ಣಿನ ತನಕ. ಆಮೇಲೆ ತಗ್ಗಿಸುವುದು: ಮೊದಲು ಉಲ್ಟಾ ಜೋಡಿಗಳನ್ನು ಒಂದು ಮಾಡಿ, 72 ಉಳಿಯುತ್ತವೆ. ಎರಡು ಸಾಲು ಬಿಟ್ಟು ಸೀದಾ ಜೋಡಿಗಳನ್ನು ಒಂದು ಮಾಡಿ, 48. ಮತ್ತೆ ಎರಡು ಸಾಲು ಬಿಟ್ಟು ಎರಡೆರಡು ಸೇರಿಸಿ 24, ಮುಂದಿನ ಸಾಲಿಗೇ 12. ಸೂಜಿಯಿಂದ ದಾರ ತೂರಿಸಿ ಬಿಗಿದು ಗಂಟು ಹಾಕಿ. ನೆತ್ತಿಗೆ ಉಲ್ಲನ್ ಗೊಂಡೆ ಹಚ್ಚಬೇಡಿ. 100 ಗ್ರಾಂ ದಾರದೊಳಗೆ ಮುಗಿಯುತ್ತದೆ.

ಕ್ರೋಶಾದಲ್ಲೇ ಮಾಡುವುದಾದರೆ ಹಾಫ್ ಡಬಲ್ ಹಾಕಿ, ಕಡ್ಡಿ ಒಂದು ನಂಬರಿನಷ್ಟು ತೆಳುವಾದದ್ದು ತೆಗೆದುಕೊಳ್ಳಿ, ತೂತು ಕಡಿಮೆಯಾಗುತ್ತದೆ. ಕುಣಿಕೆಯ ಹಿಂದಿನ ಎಳೆಯಲ್ಲಿ ಮಾತ್ರ ಚುಚ್ಚಿ ಅಡ್ಡಡ್ಡ ಹೆಣೆದು ಜೋಡಿಸಿದರೆ ಕಡ್ಡಿ ಹೆಣಿಗೆಯ ಹಾಗೆ ಸ್ವಲ್ಪ ಹಿಗ್ಗುತ್ತದೆ. ದಾರ ಮಾತ್ರ ಹೆಣಿಗೆಗಿಂತ ಜಾಸ್ತಿ ಹಿಡಿಯುತ್ತದೆ, ಲೆಕ್ಕದಲ್ಲಿಟ್ಟುಕೊಳ್ಳಿ.

ಬಣ್ಣ ಗಾಢವಿರಲಿ ಅನ್ನುವುದಕ್ಕೆ ನಾನೂ ಒಪ್ಪುತ್ತೇನೆ. ಆದರೆ ಅಂಚಿಗೆ ಎರಡು ಸಾಲು ಹಳದಿಯೋ ಬಿಳಿಯೋ ಕೊಡಿ. ರಸ್ತೆ ಪಕ್ಕ ಮಲಗಿದವರು ಗಾಡಿಯವರ ಕಣ್ಣಿಗೆ ಬೀಳಲಿ.


ಕೌದಿ ಅವ್ವ, ಅಕ್ಕಲಕೋಟೆ

ಕಾಕಾ ಹೇಳಿದ್ದೆಲ್ಲ ಖರೆ. ನಾನು ಒಂದು ಮಾತು ಸೇರಿಸುತ್ತೇನೆ. ಚಳಿ ಮೇಲಿನಿಂದ ಬರುವುದಕ್ಕಿಂತ ಕೆಳಗಿನಿಂದ ಜಾಸ್ತಿ ಬರುತ್ತದೆ. ಶಹಾಬಾದಿ ಕಲ್ಲಿನ ಫರ್ಸಿ ಮೇಲೆ ಒಂದು ತಾಸು ಬರಿಗೈ ಊರಿ ಕೂತು ನೋಡಿ, ಗೊತ್ತಾಗುತ್ತದೆ. ಮೈಭಾರಕ್ಕೆ ಕೆಳಗಿನ ಹಾಸು ಚಪ್ಪಟೆಯಾಗಿ ಅದರೊಳಗಿನ ಗಾಳಿಯೆಲ್ಲ ಹೋಗಿಬಿಡುತ್ತದೆ. ತೆಳುವಾದ ಚಾದರ ಕೆಳಗೆ ಹಾಸಿದರೆ ಹಾಸಿದ್ದೂ ಒಂದೇ, ಬಿಟ್ಟದ್ದೂ ಒಂದೇ.

ಇಲ್ಲಿ ಸ್ವಾಮಿ ಸಮರ್ಥರ ಗುಡಿಗೆ ಬಂದು ಇಲ್ಲೇ ಉಳಿದುಬಿಟ್ಟ ಮುದುಕರು, ಮನೆಯವರು ಬಿಟ್ಟುಹೋದವರು ಬಹಳ ಇದ್ದಾರೆ. ಊಟಕ್ಕೆ ಅನ್ನಛತ್ರ ಇದೆ, ಮಲಗಲು ಕಲ್ಲು. ನಾವು ಅವರಿಗೆ ಸಣ್ಣ ಕೌದಿ ಹೊಲಿಯುತ್ತೇವೆ. ಹಳೆ ಕಾಟನ್ ಸೀರೆ, ಧೋತರ, ನಾಲ್ಕೈದು ಪದರ ಇಟ್ಟು ಹತ್ತಿರ ಹತ್ತಿರ ಹೊಲಿಗೆ ಹಾಕುವುದು. ಪೂರ್ತಿ ಕೌದಿ ಬೇಡ, ಭುಜದಿಂದ ಸೊಂಟದ ಕೆಳಗಿನ ತನಕ ಬಂದರೆ ಸಾಕು. ಮಡಚಿದರೆ ಕಂಕುಳಲ್ಲಿ ಹೋಗಬೇಕು. ಒಂದು ತುದಿಗೆ ನಾಡಾ ಹೊಲಿದು ಕೊಡುತ್ತೇವೆ, ಸುತ್ತಿ ಕಟ್ಟಿ ಹೆಗಲಿಗೆ ಹಾಕಿಕೊಳ್ಳಲಿ ಅಂತ. ಹೊಲಿಗೆ ದೂರ ದೂರ ಹಾಕಿದರೆ ಒಗೆದಾಗ ಒಳಗಿನ ಪದರ ಒಂದು ಕಡೆ ಮುದ್ದೆಯಾಗುತ್ತದೆ. ಅಂಥ ಕೌದಿ ಕೊಡಲೇಬಾರದು.

ಕುರುಬರ ಕಂಬಳಿ ಸಿಕ್ಕರೆ ಇನ್ನೂ ಒಳ್ಳೆಯದು. ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡಿದ ಕಂಬಳಿ ಮೈಮೇಲೆ ಚುಚ್ಚುತ್ತದೆ, ಕೆಳಗೆ ಹಾಸಲು ಅದರಂಥದು ಇನ್ನೊಂದಿಲ್ಲ. ಎಷ್ಟೋ ಮನೆಗಳ ಅಟ್ಟದ ಮೇಲೆ ಅಜ್ಜನ ಕಾಲದ ಕಂಬಳಿ ಸುಮ್ನೆ ಬಿದ್ದಿರುತ್ತದೆ. ಕೇಳಿ ನೋಡಿ. ಹುಳ ಹಿಡಿದಿದ್ದರೆ ಆ ಭಾಗ ಕತ್ತರಿಸಿ, ಉಳಿದದ್ದನ್ನು ಎರಡು ಮೂರು ದಿನ ಕಡು ಬಿಸಿಲಿಗೆ ಹಾಕಿ ಜಾಡಿಸಿ ಕೊಡಿ.


ಕಬ್ಬಿನ ಸೀಮೆ, ಜತ್ತ

ಸ್ಟೇಷನ್, ಗುಡಿ ಬಿಟ್ಟು ಇನ್ನೊಂದು ಕಡೆ ನೋಡಿ ಅಂತ ಕೇಳಿಕೊಳ್ಳುತ್ತೇನೆ. ದಸರೆ ದೀಪಾವಳಿ ಮುಗಿದ ಮೇಲೆ ಬೀಡ್ ಕಡೆಯಿಂದ ಕಬ್ಬು ಕಡಿಯುವವರು ಸಂಸಾರ ಸಮೇತ ಬಂದು ಸಾಂಗ್ಲಿ, ಕೊಲ್ಲಾಪುರ, ಸೊಲ್ಲಾಪುರದ ಸಕ್ಕರೆ ಕಾರ್ಖಾನೆಗಳ ಸುತ್ತ ಬಯಲಲ್ಲಿ ಕೊಪ್ಪಿ, ಅಂದರೆ ಸಣ್ಣ ಗುಡಿಸಲು, ಹಾಕುತ್ತಾರೆ. ನಮ್ಮ ಜತ್ತ ತಾಲೂಕಿನ ಬರದ ಹಳ್ಳಿಗಳಿಂದಲೂ ಜನ ಹೀಗೇ ಹೋಗುತ್ತಾರೆ. ಊರಲ್ಲಿ ಅವರಿಗೆ ಮನೆ ಇದೆ, ಹಾಗಾಗಿ ಯಾರೂ ಅವರನ್ನು ಮನೆ ಇಲ್ಲದವರು ಅನ್ನುವುದಿಲ್ಲ. ಆದರೆ ಇಡೀ ಚಳಿಗಾಲ ಅವರ ಮತ್ತು ಬಯಲಿನ ನಡುವೆ ಇರುವುದು ಒಂದು ಪ್ಲಾಸ್ಟಿಕ್ ಹಾಳೆ, ಕಬ್ಬಿನ ಸೋಗೆ. ತಾಯಂದಿರು ಕತ್ತಲಿರುವಾಗಲೇ ಫಡಕ್ಕೆ, ಅಂದರೆ ಕಬ್ಬು ಕಡಿಯುವ ಹೊಲಕ್ಕೆ, ಹೋಗುತ್ತಾರೆ. ಕೂಸನ್ನು ಬದುವಿನ ಮೇಲೆ ಬಟ್ಟೆ ಹಾಸಿ ಮಲಗಿಸಿರುತ್ತಾರೆ. ಇಬ್ಬನಿ ಸುರಿಯುತ್ತಿರುತ್ತದೆ.

ಆ ಕೂಸುಗಳಿಗೆ ಕುಂಚಿಗೆ ಹೆಣೆದು ಕೊಡಿ. ತಲೆಯಿಂದ ಬೆನ್ನಿನ ತನಕ ಇಳಿಯುವ ನಮ್ಮ ಹಳೆ ಕುಂಚಿಗೆ. ಬರೀ ಟೋಪಿಯನ್ನು ಮಗು ಕಿತ್ತೆಸೆಯುತ್ತದೆ, ಕುಂಚಿಗೆ ನಿಲ್ಲುತ್ತದೆ. ಗದ್ದದ ಕೆಳಗೆ ಉದ್ದ ದಾರ ಕಟ್ಟುವ ಹಾಗೆ ಮಾಡಬೇಡಿ, ಕುತ್ತಿಗೆಗೆ ಬಿಗಿಯುವ ಭಯ. ಅಗಲ ಪಟ್ಟಿ ಮಾಡಿ ಟಿಚ್ ಬಟನ್ ಗಟ್ಟಿಯಾಗಿ ಹೊಲಿಯಿರಿ. ಮಣಿ, ಸಣ್ಣ ಗುಂಡಿ ಬೇಡ, ಬಾಯಿಗೆ ಹಾಕಿಕೊಳ್ಳುತ್ತವೆ. ಜಾಳುಜಾಳು ಹೆಣಿಗೆ ಕೂಡ ಬೇಡ, ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ. ಕೊಪ್ಪಿಯ ಬಾಗಿಲಲ್ಲೇ ಮೂರು ಕಲ್ಲಿನ ಒಲೆ ಇರುವುದರಿಂದ ಜಾಬರ್ ಕಾಕಾ ಹೇಳಿದ ಬೆಂಕಿಯ ಮಾತು ಇಲ್ಲಿ ಇನ್ನೂ ಮುಖ್ಯ. ಕೂಸಿಗೆ ಹತ್ತಿ ಇಲ್ಲವೇ ಉಣ್ಣೆ, ಅಕ್ರಿಲಿಕ್ ಬೇಡವೇ ಬೇಡ.


ರೋಜಾ ತೋಟ, ಹೊಸೂರು

ಜಾಬರ್ ಅಣ್ಣಾ, ಹಗಲು ಎಲ್ಲಿ ಇಡಲಿ ಅನ್ನುವ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ಇಲ್ಲಿಯೂ ಕೇಳುತ್ತೇನೆ. ಆದರೆ ಚೌಕ ಹಾಕುವವರನ್ನು ನಿಲ್ಲಿಸಬೇಡಿ. ಮಂಚ ಇರುವಲ್ಲಿ ಚೆನ್ನ ಅಂದಿರಲ್ಲ, ಅಂಥ ಜಾಗ ಇದೆ. 2010ರಲ್ಲಿ ಸುಪ್ರೀಂ ಕೋರ್ಟು ನಗರಗಳಲ್ಲಿ ಲಕ್ಷ ಜನಕ್ಕೆ ಒಂದರಂತೆ ರಾತ್ರಿ ತಂಗುದಾಣ ಬೇಕು ಅಂತ ಹೇಳಿತು. ಆಮೇಲೆ ಕೇಂದ್ರದ ನಗರ ಜೀವನೋಪಾಯ ಮಿಷನ್ನಿನಲ್ಲಿ ಅದಕ್ಕೆಂದೇ ಒಂದು ಯೋಜನೆ ಬಂತು. 2011ರ ಜನಗಣತಿಯಲ್ಲೇ ದೇಶದಲ್ಲಿ 17.7 ಲಕ್ಷ ಜನಕ್ಕೆ ಮನೆ ಇರಲಿಲ್ಲ. ಅದು ಒಂದು ರಾತ್ರಿ ಎಣಿಸಿದಾಗ ಕಣ್ಣಿಗೆ ಬಿದ್ದವರ ಲೆಕ್ಕ ಮಾತ್ರ. ನಿಮ್ಮ ಮಹಾನಗರಪಾಲಿಕೆಯಲ್ಲಿ ಬೇಘರ್ ನಿವಾರಾ (ಮನೆ ಇಲ್ಲದವರ ತಂಗುದಾಣ) ಎಲ್ಲಿದೆ ಅಂತ ಕೇಳಿ, ನೋಡಿ ಬನ್ನಿ. ಅಲ್ಲಿ ಹೊದಿಕೆ ಮಂಚದ ಮೇಲೆಯೇ ಇರುತ್ತದೆ, ಯಾರೂ ಹೊರಬೇಕಾಗಿಲ್ಲ. ನೀವು ಟೋಪಿ ಕೊಡುವಾಗ ಅಲ್ಲಿನ ವಿಳಾಸವನ್ನೂ ಹೇಳಬಹುದು. ಎಷ್ಟೋ ಜನಕ್ಕೆ ಅಂಥದ್ದೊಂದು ಇದೆ ಅನ್ನುವುದೇ ಗೊತ್ತಿರುವುದಿಲ್ಲ.


ಕ್ರೋಶಾ ಕಡ್ಡಿ, ಸೊಲ್ಲಾಪುರ

ಎಲ್ಲರಿಗೂ ಮನಸಾರೆ ಶರಣು. ಇದನ್ನೆಲ್ಲ ನಮ್ಮ ಯಜಮಾನರಿಗೂ ಓದಿ ಹೇಳಿದೆ. ಚಾದರಕ್ಕೆ ಚಂದಾ ಎತ್ತುವ ಕೆಲಸ ತಾವೇ ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ಇವತ್ತು ಮಧ್ಯಾಹ್ನ ಎಲ್ಲರೂ ಕೂತು ದಾರ ಸುಟ್ಟು ನೋಡಿದೆವು. ಉಣ್ಣೆ ಅಂತ ನಾವು ಜೋಪಾನ ಮಾಡಿಟ್ಟಿದ್ದ ಕೆನೆಬಣ್ಣದ ಉಂಡೆಗಳು ಕರಗಿ ಮಣಿಯಾದವು. ಅಂಗಡಿಯವರು ಉಣ್ಣೆ ಅಂತಲೇ ಕೊಟ್ಟಿದ್ದರು. ಉಣ್ಣೆ ಅಂತ ಸಿಕ್ಕಿದ್ದು ಎರಡೇ ಉಂಡೆ. ಅವನ್ನು ಕುಂಚಿಗೆಗೆ ಎತ್ತಿಟ್ಟೆವು, ಉಳಿದ ಕುಂಚಿಗೆಗಳನ್ನು ಹತ್ತಿಯಲ್ಲೇ ಮಾಡುತ್ತೇವೆ.

ಕಾಕಾ, ಎರಡು ಕೇಳಬೇಕಿತ್ತು. ಕಾಲುಚೀಲಕ್ಕೆ ಹಿಮ್ಮಡಿ ತಿರುಗಿಸುವುದು ನಮ್ಮಲ್ಲಿ ಯಾರಿಗೂ ಬರುವುದಿಲ್ಲ, ಏನು ಮಾಡುವುದು? ಮತ್ತೆ ಕೊಡುವಾಗ ಹೇಗೆ ಕೊಡಬೇಕು? ಹೆಣ್ಣುಮಕ್ಕಳು ರಾತ್ರಿ ಹೋಗುವುದಕ್ಕೆ ಮನೆಯಲ್ಲಿ ಒಪ್ಪುವುದಿಲ್ಲ.


ಹಳೆ ಜಾಬರ್, ಸೊಲ್ಲಾಪುರ

ಹಿಮ್ಮಡಿ ಬೇಡವೇ ಬೇಡ ಅಕ್ಕಾ. ಕೊಳವೆಯ ಹಾಗೆ ನೆಟ್ಟಗೆ ಹೆಣೆಯಿರಿ. 10 ನಂಬರ್ ಕಡ್ಡಿ (8 ನಂಬರಿಗಿಂತ ತೆಳು), 56 ಕುಣಿಕೆ. ಮೊದಲ ಎರಡು ಇಂಚು 2 ಸೀದಾ 2 ಉಲ್ಟಾ. ಆಮೇಲೆ 4 ಸೀದಾ 4 ಉಲ್ಟಾ ಮಾಡುತ್ತಾ ಪ್ರತಿ ನಾಲ್ಕು ಸಾಲಿಗೊಮ್ಮೆ ಒಂದು ಕುಣಿಕೆ ಪಕ್ಕಕ್ಕೆ ಸರಿಸುತ್ತಾ ಹೋಗಿ. ಗೆರೆಗಳು ಓರೆಯಾಗಿ ಸುತ್ತುತ್ತಾ ಇಳಿಯುತ್ತವೆ, ಆ ಓರೆಯೇ ಹಿಮ್ಮಡಿಗೆ ಹಿಗ್ಗಿ ಕೂರುತ್ತದೆ. ಒಟ್ಟು 15, 16 ಇಂಚು ಆದ ಮೇಲೆ ತುದಿ ತಗ್ಗಿಸಿ ಮುಗಿಸಿ. ಯಾವ ಪಾದಕ್ಕೂ ಆಗುತ್ತದೆ, ಎಡಬಲ ಇಲ್ಲ. ಹಾಕಿಕೊಂಡಾಗ ಪ್ರತಿ ಸಲ ಬೇರೆ ಜಾಗ ಹಿಮ್ಮಡಿಗೆ ಬರುವುದರಿಂದ ಒಂದೇ ಕಡೆ ಸವೆಯುವುದಿಲ್ಲ. ನಾನು ಹಿಮ್ಮಡಿಗೆ ಬರುವ ಆ ಗೇಣುದ್ದಕ್ಕೆ ದಾರದ ಜೊತೆ ಒಂದು ಎಳೆ ತೆಳು ಹತ್ತಿ ನೂಲು ಸೇರಿಸುತ್ತೇನೆ. ಗಟ್ಟಿ ಬರುತ್ತದೆ.

ಕೊಡುವುದರ ಬಗ್ಗೆ. ಮಲಗಿದವರನ್ನು ಎಬ್ಬಿಸಬಾರದು. ಎಬ್ಬಿಸಿದರೆ ಅವರು ಮೊದಲು ನೋಡುವುದು ಲಾಠಿ ಇದೆಯಾ ಅಂತ. ನೀವು ರಾತ್ರಿ ಹೋಗಬೇಕಾಗಿಯೂ ಇಲ್ಲ, ಸಂಜೆ ಏಳರ ಹೊತ್ತಿಗೆ ಹೋಗಿ. ಆಗ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಬಂದು ಗಂಟು ಬಿಚ್ಚುತ್ತಿರುತ್ತಾರೆ. ಚಹಾದ ಅಂಗಡಿಯವರನ್ನು ಮೊದಲು ಮಾತಾಡಿಸಿ, ಯಾರು ದಿನವೂ ಅಲ್ಲೇ ಇರುವವರು, ಯಾರು ಗಾಡಿಗೆ ಕಾಯುವವರು ಅಂತ ಅವರಿಗೆ ಸರಿಯಾಗಿ ಗೊತ್ತಿರುತ್ತದೆ. ಮೂರು ನಾಲ್ಕು ಬಣ್ಣದ ಟೋಪಿ ಹಿಡಿದುಕೊಂಡು ಹೋಗಿ, ಅವರೇ ಆರಿಸಿಕೊಳ್ಳಲಿ. ಒಬ್ಬ ಹೆಣ್ಣುಮಗಳು ಬಾಟಲಿ ಹಸಿರು ಬೇಡ ಅಂತ ತಿರುವಿ ತಿರುವಿ ನೋಡಿ, ನೇರಳೆ ಆರಿಸಿಕೊಂಡು, ಅಲ್ಲೇ ಹಾಕಿಕೊಂಡು, ಪಕ್ಕದವಳಿಗೆ ಹೇಗೆ ಕಾಣುತ್ತದೆ ಅಂತ ಕೇಳಿದರು. ಬೇಡ ಅಂದವರಿಗೆ ಒತ್ತಾಯ ಮಾಡಬೇಡಿ. ಫೋಟೋ ದಯವಿಟ್ಟು ಬೇಡ. ಹೊದಿಕೆ ಒಂದು ಕೈಗೆ ಕೊಟ್ಟು ಇನ್ನೊಂದು ತುದಿ ತಾವೇ ಹಿಡಿದುಕೊಂಡು ಕ್ಯಾಮೆರಾ ನೋಡುವ ಗುಂಪುಗಳನ್ನು ಅವರು ಬಹಳ ಕಂಡಿದ್ದಾರೆ. ಆಗ ಅವರು ಮುಖ ತಗ್ಗಿಸುವುದನ್ನು ನಾನು ಕಂಡಿದ್ದೇನೆ.

ಇನ್ನೊಂದು. ಜಾತ್ರೆಗೆ ಮೊದಲು ಅಂದಿರಲ್ಲ, ಇನ್ನೂ ಬೇಗ ಕೊಡಿ. ಸಂಕ್ರಾಂತಿಗೆ ಚಳಿ ಅರ್ಧ ಮುಗಿದಿರುತ್ತದೆ. ಏಳು ನಂದಿಧ್ವಜಗಳ ಮೆರವಣಿಗೆ ಹೊತ್ತಿಗೆ ಊರು ತುಂಬಿ ದಿನವೂ ಅಲ್ಲಿ ಮಲಗುವವರು ಎಲ್ಲೆಲ್ಲೋ ಚದುರಿಹೋಗಿರುತ್ತಾರೆ, ಹುಡುಕಿದರೂ ಸಿಗುವುದಿಲ್ಲ. ಡಿಸೆಂಬರ್ ಮೊದಲ ವಾರಕ್ಕೆ ಎಷ್ಟು ಆಗಿದೆಯೋ ಅಷ್ಟು ಕೊಡಿ, ಉಳಿದದ್ದು ಆಮೇಲೆ.


ಕ್ರೋಶಾ ಕಡ್ಡಿ, ಸೊಲ್ಲಾಪುರ

ಹಾಗೇ ಮಾಡುತ್ತೇವೆ ಕಾಕಾ. ಕಡ್ಡಿ ಬರುವ ಇಬ್ಬರು ಟೋಪಿ, ಕ್ರೋಶಾದವರು ಕುಂಚಿಗೆ, ನಾನು ಕಾಲುಚೀಲ ಅಂತ ಹಂಚಿಕೊಂಡೆವು. ಅಕ್ಕಲಕೋಟೆಯ ಅವ್ವಾ, ನಮ್ಮ ಓಣಿಯಲ್ಲಿ ಎರಡು ಕಂಬಳಿ, ಒಂದು ಗಂಟು ಹಳೆ ಕಾಟನ್ ಸೀರೆ ಸಿಕ್ಕಿವೆ. ಬರುವ ಗುರುವಾರ ಸ್ವಾಮಿಗಳ ದರ್ಶನಕ್ಕೆ ಅಲ್ಲಿಗೆ ಬರುತ್ತಿದ್ದೇವೆ, ತಂದು ಕೊಡುತ್ತೇವೆ. ನಾಡಾ ಹೊಲಿಯುವುದು ಹೇಗೆ ಅಂತ ಆವಾಗಲೇ ತೋರಿಸಿಕೊಡಿ. ಜತ್ತದವರೇ, ನಿಮ್ಮ ಕಡೆ ಕೊಪ್ಪಿಗಳಲ್ಲಿ ಎಷ್ಟು ಕೂಸುಗಳಿವೆ, ಎಷ್ಟೆಷ್ಟು ತಿಂಗಳಿನವು ಅಂತ ಅಂದಾಜು ಹೇಳಿದರೆ ಅದರಂತೆ ಅಳತೆ ಹಾಕುತ್ತೇವೆ.